ಬಲಗೈಗೆ ಪ್ಲಾಸ್ಟರ್, ಇನ್ನೂ ಐದು ವಾರ ಬಾಕಿ. ಎಡಗೈಯಲ್ಲಿ ಬದುಕೋದು ಹೇಗೆ?

ಮೂರನೇಮಹಡಿ
ಎಲ್ಲರಿಗೂ ನಮಸ್ಕಾರ. ಇದನ್ನು ಮೊಬೈಲಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ. ತಪ್ಪು ಬಂದರೆ ಬೈಯಬೇಡಿ.

ಕಳೆದ ಗುರುವಾರ ಬಲಗೈ ಮಣಿಕಟ್ಟಿನ ಹತ್ತಿರ ಮೊಳೆ ಮುರಿಯಿತು. ಬೆಂಗಳೂರಲ್ಲಿ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೆಳಗ್ಗೆ ಕಸದ ಆಟೋ ಹಾಡು ಕೇಳಿಸಿತು. ಅಡುಗೆ ಮನೆಯಲ್ಲಿ ಎರಡು ದಿನದ ಹಸಿ ಕಸ, ಮೇಲೆ ಹಲಸಿನ ಹಣ್ಣಿನ ಸಿಪ್ಪೆ. ಹವಾಯಿ ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಕೆಳಗಿನ ಮನೆಯವರು ಆಗಷ್ಟೇ ಮೆಟ್ಟಿಲು ತೊಳೆದಿದ್ದರು. ಕಾಲು ಜಾರಿತು. ಎಡಗೈಲಿ ಬಕೆಟ್ ಇತ್ತು, ಅದನ್ನು ಬಿಡಲಿಲ್ಲ. ಬಲಗೈ ಊರಿದೆ. ಲಟಕ್ ಅಂತ ಸದ್ದು ನನಗೇ ಕೇಳಿಸಿತು. ಕಸದ ಅಣ್ಣ ಮೇಲೆ ಹತ್ತಿ ಬಂದ. ಮೊದಲು ಬಕೆಟ್ ಇಸ್ಕೊಂಡ. ಆಮೇಲೆ ನನ್ನನ್ನು ಎಬ್ಬಿಸಿದ.

ಆರು ವಾರ ಪ್ಲಾಸ್ಟರ್ ಇರಬೇಕು ಅಂದಿದ್ದಾರೆ. ನೋವು ತಡೆಯಬಹುದು. ತಡೆಯಲಾಗದ್ದು ಬೇರೆ. ಸ್ನಾನ ಆಗ್ತಿಲ್ಲ, ಪ್ಯಾಂಟಿನ ಗುಂಡಿ ಆಗ್ತಿಲ್ಲ, ಟೂತ್‌ಪೇಸ್ಟ್ ಮುಚ್ಚಳ ಹಲ್ಲಲ್ಲಿ ತೆಗೀತಿದ್ದೇನೆ. ರೂಮ್‌ಮೇಟ್ ದಿನಾ ರಾತ್ರಿ ಸಾರು ಹಾಕಿ ಅಣ್ಣನನ್ನು ಕಲಸಿ ಕೊಡುತ್ತಾನೆ. ಊರಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ. ಇದರ ಮೇಲೆ ಆಫೀಸಲ್ಲಿ ಸಿಕ್ಕವರೆಲ್ಲ "ಹೇಗಾಯ್ತು?" ಅಂತಾರೆ. ಕಸ ಹಾಕೋಕೆ ಹೋಗಿ ಬಿದ್ದೆ ಅನ್ನೋಕೆ ನಾಚಿಕೆ. ಅನುಭವ ಇರೋರು ಉಪಾಯ ಹೇಳಿ. ಒಂದು ಒಳ್ಳೆ ಸುಳ್ಳು ಇದ್ದರೆ ಅದನ್ನೂ ಹೇಳಿ.

ಗಿರ್ಮಿಟ್‌ಪ್ರೇಮಿ
ಮೊಳೆ ಮುರಿದರ ದವಾಖಾನಿಗೆ ಯಾಕ ಹೋದ್ರಿ? ಹಾರ್ಡ್‌ವೇರ್ ಅಂಗಡಿಗೆ ಹೋಗಬೇಕಿತ್ತು.

ಕುಡ್ಲದಕಡಲು
ಅದು ಬಿಡಿ ಮಾರಾಯ್ರೆ, ನಿಮ್ಮ ಅಣ್ಣ ಏನು ತಪ್ಪು ಮಾಡಿದ್ದು? ದಿನಾ ಸಾರು ಹಾಕಿ ಯಾಕೆ ಕಲಸುವುದು ಅವನನ್ನು?

ಮೂರನೇಮಹಡಿ
ಮೂಳೆ. ಅನ್ನ. ಎಡಗೈಲಿ ಟೈಪ್ ಮಾಡಿದೆ. ಇಷ್ಟಕ್ಕೆ ಎರಡು ನಿಮಿಷ.

ಕೀಲುಎಣ್ಣೆ
ನಾನು ಫಿಸಿಯೋಥೆರಪಿಸ್ಟ್. ನಗೋದು ಆಮೇಲೆ, ಮೊದಲು ಕೆಲಸದ ಮಾತು.

ಬೀಳುವಾಗ ಕೈ ಊರಿ ಮಣಿಕಟ್ಟು ಮುರಿಯೋದು ತುಂಬಾ ಸಾಮಾನ್ಯ. ನಮ್ಮ ಹತ್ತಿರ ವಾರಕ್ಕೆ ನಾಲ್ಕೈದು ಜನ ಬರುತ್ತಾರೆ. ಡಬ್ಲಿನ್‌ನ ಅಬ್ರಹಾಂ ಕಾಲೀಸ್ ಅನ್ನೋ ಸರ್ಜನ್ 1814ರಲ್ಲೇ ಇದರ ಬಗ್ಗೆ ಬರೆದಿದ್ದರು. ಆಗ ಎಕ್ಸ್‌ರೇನೇ ಇರಲಿಲ್ಲ, ಅದು ಬಂದಿದ್ದು 1895ರಲ್ಲಿ. ಮುಟ್ಟಿ ನೋಡಿಯೇ ಕಂಡುಹಿಡಿದಿದ್ದರು. ಇವತ್ತಿಗೂ ಕಾಲೀಸ್ ಫ್ರಾಕ್ಚರ್ ಅಂತಲೇ ಕರೆಯೋದು.

ಈಗ ನೀವು ಮಾಡಬೇಕಾದ್ದು. ಬೆರಳನ್ನು ಗಂಟೆಗೊಮ್ಮೆ ಮಡಚಿ ಬಿಚ್ಚಿ. ಮೊಣಕೈ, ಭುಜ ಆಡಿಸ್ತಾ ಇರಿ. ಇಲ್ಲದಿದ್ದರೆ ಮಣಿಕಟ್ಟು ಸರಿಹೋಗುವ ಹೊತ್ತಿಗೆ ಭುಜ ಹಿಡಿದುಕೊಂಡಿರುತ್ತೆ. ಮಲಗುವಾಗ ಕೈ ಎದೆಗಿಂತ ಎತ್ತರಕ್ಕೆ ಇರಲಿ, ಎರಡು ದಿಂಬು ಸಾಕು. ಬೆರಳಲ್ಲಿ ಉಂಗುರ ಇದ್ದರೆ ಈಗಲೇ ತೆಗೆಯಿರಿ. ಬೆರಳು ಊದಿಕೊಂಡು ನೀಲಿಯಾದರೆ, ಜೋಮು ಹಿಡಿದರೆ, ಮಾತ್ರೆಗೂ ಬಗ್ಗದೆ ನೋವು ಏರುತ್ತಾ ಹೋದರೆ ಇಲ್ಲಿ ಬರೆದು ಕೇಳ್ತಾ ಕೂರಬೇಡಿ. ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಓಡಿ.

ಗಿರ್ಮಿಟ್‌ಪ್ರೇಮಿ
ಮುರಿದಿದ್ದು ಕೈ, ಹೆಸರು ಕಾಲೀಸ್. ಭಾರಿ ಐತಿ.

ಸಕ್ಕರೆನಾಡು
ಗುರು, ಆರು ವಾರ ಯಾಕೆ ಒದ್ದಾಡ್ತೀಯಾ? ಪುತ್ತೂರು ಕಟ್ಟು ಹಾಕಿಸು. ನಮ್ಮ ಚಿಕ್ಕಪ್ಪ ಕಬ್ಬಿನ ಗಾಡಿಯಿಂದ ಬಿದ್ದಾಗ ಅದನ್ನೇ ಹಾಕಿಸಿದ್ದು. ಮೂರು ಕಟ್ಟು, ತಿಂಗಳೊಳಗೆ ಗದ್ದೆಗೆ ಇಳಿದರು.

ಕುಡ್ಲದಕಡಲು
ನಮ್ಮ ಪುತ್ತೂರಿಗಾ? ನಾನು ಅಲ್ಲೇ ಓದಿದ್ದು. ಅಂಥದ್ದೇನೂ ನೋಡಿದ ನೆನಪಿಲ್ಲ.

ಸಕ್ಕರೆನಾಡು
ದಕ್ಷಿಣ ಕನ್ನಡದ್ದಲ್ಲ ಸ್ವಾಮಿ. ಆಂಧ್ರದ್ದು, ತಿರುಪತಿ ಹತ್ತಿರದ ಪುತ್ತೂರು. ಬೆಂಗಳೂರಲ್ಲಿ ಗಲ್ಲಿ ಗಲ್ಲಿಗೂ ಬೋರ್ಡ್ ಇದೆಯಲ್ಲ.

ಕೀಲುಎಣ್ಣೆ
ಚಿಕ್ಕಪ್ಪನ ಮೂಳೆ ಸರಿದಿರಲಿಲ್ಲ ಅನ್ಸುತ್ತೆ. ಹಾಗಿದ್ದರೆ ಯಾವ ಕಟ್ಟು ಹಾಕಿದರೂ ಕೂಡಿಕೊಳ್ಳುತ್ತೆ, ಮೂಳೆಗೆ ಆ ಗುಣ ಇದೆ. ಸರಿದಿದ್ದರೆ ಜೋಡಿಸಿ ಕೂರಿಸಬೇಕು. ಇಲ್ಲದಿದ್ದರೆ ಸೊಟ್ಟಗೆ ಕೂಡುತ್ತೆ. ಸರಿದಿದೆಯಾ ಇಲ್ಲವಾ ಅಂತ ಎಕ್ಸ್‌ರೇ ಇಲ್ಲದೆ ಹೇಳೋದು ಹೇಗೆ? ತುಂಬಾ ಬಿಗಿಯಾಗಿ ಕಟ್ಟಿ ರಕ್ತ ಓಡಾಟ ನಿಂತು ಬಂದವರನ್ನೂ ನೋಡಿದ್ದೇನೆ.

ಸಕ್ಕರೆನಾಡು
ಆಸ್ಪತ್ರೆ ಪ್ಲಾಸ್ಟರ್ ಬಿಗಿಯಾಗೋದೇ ಇಲ್ವಾ ಹಾಗಾದರೆ?

ಕೀಲುಎಣ್ಣೆ
ಆಗುತ್ತೆ. ಅದಕ್ಕೇ ಮೇಲೆ ಬೆರಳಿನ ಬಣ್ಣ ನೋಡ್ಕೊಳ್ಳಿ ಅಂತ ಬರೆದಿದ್ದು. ಪೂರ್ತಿ ಓದಿ ಅಣ್ಣ.

ಸುಮ್ನಿರಿ
ನನ್ನ ಎಡಗೈ ಮೊಣಕೈ ಇವತ್ತಿಗೂ ಪೂರ್ತಿ ನೇರ ಆಗಲ್ಲ. ಹತ್ತು ವರ್ಷದವನಿದ್ದಾಗ ಊರಲ್ಲಿ ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ಬಸ್ಸಲ್ಲಿ ಮೇಲಿನ ಕಂಬಿ ಹಿಡಿದರೆ ಪಕ್ಕದವರ ಮೂಗಿಗೆ ತಾಗುತ್ತೆ. ಕಟ್ಟಿನ ವಿಷಯ ಇಲ್ಲಿಗೆ ಬಿಡಿ.

ಗ್ಯಾಲರಿಸೀಟು
ಸುಳ್ಳು ಯಾಕ್ರೀ ಬೇಕು? ನಮ್ಮ ಕುಂಬ್ಳೆ 2003ರಲ್ಲಿ ವೆಸ್ಟ್ ಇಂಡೀಸಲ್ಲಿ ಕೈ ಮುರಿದಿದ್ದರೂ ಬೌಲಿಂಗ್ ಮಾಡಿದರು. ಆ ಥರ ಎದೆ ಉಬ್ಬಿಸಿಕೊಂಡು ಓಡಾಡಿ.

ಹಿಮಪಾತ
ಮೂರು ತಪ್ಪು. 2003 ಅಲ್ಲ, 2002. ಕೈ ಅಲ್ಲ, ದವಡೆ. ಬರೀ ವೆಸ್ಟ್ ಇಂಡೀಸ್ ಅನ್ನಬೇಡಿ, ಆಂಟಿಗುವಾ ಟೆಸ್ಟ್. ಬ್ಯಾಟಿಂಗ್ ಮಾಡುವಾಗ ಮರ್ವಿನ್ ಡಿಲ್ಲನ್ ಚೆಂಡು ಬಡಿದಿತ್ತು. ತಲೆಯಿಂದ ಗಲ್ಲಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾನನ್ನು ಎಲ್‌ಬಿಡಬ್ಲ್ಯೂ ಮಾಡಿದರು. ಆಮೇಲೆ ಆಪರೇಷನ್‌ಗೆ ಬೆಂಗಳೂರಿಗೆ ಬಂದರು.

ಗ್ಯಾಲರಿಸೀಟು
ಬೌಲಿಂಗ್ ಮಾಡಿದ್ದು ಸರಿ ಇತ್ತಲ್ಲ.

ಮೂರನೇಮಹಡಿ
ಅವರು ಲಾರಾನನ್ನು ಔಟ್ ಮಾಡಿದರು. ನಾನು ಹಲಸಿನ ಸಿಪ್ಪೆ ಚೆಲ್ಲದೆ ಉಳಿಸಿದೆ.

ಹಳೇಮೈಸೂರು
ಮಗು, ನನಗೆ ಈಗ ಅರವತ್ತೆಂಟು. ಮದುವೆಯಾದ ಎರಡನೇ ವರ್ಷ ಬಾವಿಕಟ್ಟೆ ಹತ್ತಿರ ಪಾಚಿ ಮೇಲೆ ಜಾರಿ ನಿನ್ನ ಥರಾನೇ ಬಲಗೈ ಮುರ್ಕೊಂಡಿದ್ದೆ. ಅತ್ತೆ ತೀರ್ಥಯಾತ್ರೆಗೆ ಹೋಗಿದ್ದರು. ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಅವರಿಗೆ ಕಾಫಿ ಕಾಯಿಸೋಕೂ ಬರ್ತಿರಲಿಲ್ಲ.

ಆಗ ನನ್ನ ಕೂದಲು ಮಂಡಿವರೆಗೆ. ಎರಡು ದಿನ ಹಾಗೇ ಗಂಟು ಹಾಕ್ಕೊಂಡಿದ್ದೆ. ಮೂರನೇ ದಿನ ಅವರೇ ಬಾಚಣಿಗೆ ತಗೊಂಡು ಹಿಂದೆ ಕೂತರು. ಜಡೆ ಹಾಕೋದು ಅವರಿಗೆಲ್ಲಿ ಗೊತ್ತು? ಗೊತ್ತಿದ್ದದ್ದು ಹಗ್ಗ ಹೊಸೆಯೋದು. ಕೂದಲನ್ನು ಮೂರು ಪಾಲು ಮಾಡಿ, ಒಂದೊಂದನ್ನೂ ಅಂಗೈಲಿ ತಿರುವಿ, ಬಿಗಿಯಾಗಿ ಹೊಸೆದು ತುದಿಗೆ ಗಂಟು ಹಾಕಿದರು. ಕಣ್ಣು ಮೇಲಕ್ಕೆ ಎಳೆದುಕೊಂಡು ಹುಬ್ಬು ಹಣೆಗೆ ಹೋಗಿತ್ತು. ಪಕ್ಕದ ಮನೆಯಾಕೆ ನೋಡಿ, "ಏನೇ, ನಿನ್ನ ಗಂಡ ನಿನ್ನನ್ನು ಗೂಟಕ್ಕೆ ಕಟ್ಟೋಕೆ ರೆಡಿ ಮಾಡಿದ್ದಾರಾ?" ಅಂದಳು. ಆ ಜಡೆ ನಾಲ್ಕು ದಿನ ಬಿಚ್ಚಿಕೊಳ್ಳಲಿಲ್ಲ. ಬಿಚ್ಚೋಕೆ ಇಬ್ಬರು ಬೇಕಾಯ್ತು.

ಅಮ್ಮನಿಗೆ ಹೇಳಿಬಿಡು. ಎಡಗೈಲಿ ಏನೇ ಮಾಡಿದರೂ ತಾಯಿಗೆ ಗೊತ್ತಾಗುತ್ತೆ.

ಸುಮ್ನಿರಿ
ಅಮ್ಮನಿಗೆ ಹೇಳಬೇಡಿ. ಪ್ಲಾಸ್ಟರ್ ತೆಗೆದ ಮೇಲೆ ಹೇಳಿ. ದೂರದಲ್ಲಿ ಕೂತು ಅವರಿಗೆ ಯಾಕೆ ಸುಮ್ನೆ ಚಿಂತೆ? ರೂಮ್‌ಮೇಟ್ ಕೈಲಿ ಅನ್ನ ಕಲಸಿಸಿಕೊಳ್ಳೋದೂ ಜಾಸ್ತಿ ಆಯ್ತು. ಪಾಪ, ಅವನೇನು ತಪ್ಪು ಮಾಡಿದ? ಸ್ಪೂನ್ ಇದೆ, ಚಿತ್ರಾನ್ನ ಇದೆ. ದೊಡ್ಡವನಾದ ಮೇಲೆ ಇನ್ನೊಮ್ಮೆ ಕೈ ಮುರಿದಾಗ ನಾನು ಯಾರಿಗೂ ತೊಂದರೆ ಕೊಡದೆ ಐದು ವಾರ ಕಳೆದವನು.

ಊರುಗೋಲು
@ಸುಮ್ನಿರಿ ನಿಮಗೆ ಮುರಿದಿದ್ದು ಕೈ. ಕಾಲು ಮುರಿದಿದ್ದರೆ ಗೊತ್ತಾಗ್ತಿತ್ತು, ಯಾರಿಗೂ ತೊಂದರೆ ಕೊಡದೆ ಇರೋದು ಹೇಗೆ ಅಂತ.

ನನ್ನದು ಪಾದದ ಗಂಟು, ಎರಡು ವರ್ಷದ ಹಿಂದೆ. ನಮ್ಮ ಬಾಡಿಗೆ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್. ಒಂದು ಕಾಲಲ್ಲಿ ಕೂರೋದು ಹೇಗೆ? ಸ್ನೇಹಿತರು ಮೂವರು ಸೇರಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಆಕ್ಸಾ ಬ್ಲೇಡಲ್ಲಿ ನಡುವೆ ದುಂಡಗೆ ಕತ್ತರಿಸಿದರು. ಅಂಚು ಚುಚ್ಚಬಾರದು ಅಂತ ಸೈಕಲ್ ಟ್ಯೂಬ್ ಸೀಳಿ ಸುತ್ತಿದರು. ಅಳತೆ ತಗೊಂಡಿದ್ದು ಹೇಗೆ ಅಂತ ಇಲ್ಲಿ ಬರೆಯೋ ಹಾಗಿಲ್ಲ. ಕುರ್ಚಿಗೆ ಕುಂಕುಮ ಇಟ್ಟು, ನಿಂಬೆಹಣ್ಣು ಇಟ್ಟು, ಆಯುಧಪೂಜೆ ಥರ ಮಾಡಿ ಉದ್ಘಾಟಿಸಿದರು. ನಾನು ಕುಂಟುತ್ತಾ ಹೋಗಿ ರಿಬ್ಬನ್ ಕತ್ತರಿಸಿದೆ. ಫೋಟೋ ಇದೆ. ತೋರಿಸಲ್ಲ.

ಊರುಗೋಲು ಹಿಡಿಯೋರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಭಾರ ಕಂಕುಳಿಗೆ ಬಿಡಬೇಡಿ, ಅಂಗೈಗೆ ಬಿಡಿ. ಕಂಕುಳಿಗೂ ಕೋಲಿಗೂ ನಡುವೆ ಎರಡು ಮೂರು ಬೆರಳು ಜಾಗ ಇರಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ. ಇಳಿಯುವಾಗ ಕೋಲು ಮತ್ತು ಪೆಟ್ಟಾದ ಕಾಲು ಮುಂದೆ. ನಾನು ಮೊದಲ ದಿನ ಉಲ್ಟಾ ಮಾಡಿ ಸೆಕ್ಯುರಿಟಿ ತಾತನ ಮಡಿಲಲ್ಲಿ ಕೂತಿದ್ದೆ.

ಕೀಲುಎಣ್ಣೆ
ಮೆಟ್ಟಿಲ ಮಾತು ಪೂರ್ತಿ ಸರಿ. ಕುರ್ಚಿ ಬಗ್ಗೆ ನಾನೇನೂ ಹೇಳಲ್ಲ. ಬಾಡಿಗೆಗೆ ಕಮೋಡ್ ಕುರ್ಚಿ ಸಿಗುತ್ತೆ ಅಂತ ಮಾತ್ರ ಉಳಿದವರಿಗೆ ತಿಳಿಸುತ್ತೇನೆ.

ಕುಡ್ಲದಕಡಲು
ಸ್ನಾನಕ್ಕೆ ದೊಡ್ಡ ಪ್ಲಾಸ್ಟಿಕ್ ಕವರ್ ಹಾಕಿ ಮೇಲೆ ರಬ್ಬರ್ ಬ್ಯಾಂಡ್ ಹಾಕಿ. ಬ್ರೆಡ್ಡಿನ ಕವರ್ ಆಗುವುದಿಲ್ಲ, ಕೆಲವದರಲ್ಲಿ ಸಣ್ಣ ತೂತು ಇರ್ತದೆ. ನಾನು ಐದು ಕೆಜಿ ಅಕ್ಕಿ ಚೀಲದ ಒಳಗಿನ ಕವರ್ ಹಾಕ್ತಿದ್ದೆ. ಕೈ ಮೇಲೆತ್ತಿ ನಿಲ್ಲಿ, ಬಸ್ಸಿಗೆ ಅಡ್ಡ ಹಾಕುವ ಹಾಗೆ. ನನ್ನದು ಫೈಬರ್, ನೀರು ಬಿದ್ದರೂ ಏನೂ ಆಗುವುದಿಲ್ಲ.

ಕೀಲುಎಣ್ಣೆ
ಆಗುತ್ತೆ. ಹೊರಗಿನ ಫೈಬರ್‌ಗೆ ಏನೂ ಆಗಲ್ಲ, ಒಳಗಿನ ಹತ್ತಿ ನೆನೆಯುತ್ತೆ. ಅದು ಒಣಗಲ್ಲ. ಚರ್ಮ ಬೆಳ್ಳಗೆ ಬೆಂದ ಹಾಗಾಗಿ ವಾಸನೆ ಬರುತ್ತೆ.

ಕುಡ್ಲದಕಡಲು
ಅದಕ್ಕೇ ಆಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇರ್ತಿತ್ತಾ?

ಮೂರನೇಮಹಡಿ
ತುರಿಕೆಗೆ ಏನು ಮಾಡೋದು? ಒಳಗೆ ಇರುವೆ ಹರಿದಾಡ್ತಿರೋ ಹಾಗಿದೆ. ಸ್ಕೇಲ್ ಹಾಕಲಾ?

ಕೀಲುಎಣ್ಣೆ
ಬೇಡ! ಏನನ್ನೂ ಒಳಗೆ ತೂರಿಸಬೇಡಿ. ಗೀರಿದರೆ ಗಾಯ ಆಗುತ್ತೆ, ಒಳಗೆ ಕೀವಾದರೂ ಕಾಣಲ್ಲ. ಹೇರ್ ಡ್ರೈಯರ್ ಇದ್ದರೆ ತಣ್ಣನೆ ಗಾಳಿ ಬಿಡಿ. ಬಿಸಿ ಬೇಡ. ಪ್ಲಾಸ್ಟರ್ ಮೇಲೆ ಬೆರಳಲ್ಲಿ ತಟ್ಟಿ, ಅದೂ ಕೆಲಸ ಮಾಡುತ್ತೆ.

ಗಿರ್ಮಿಟ್‌ಪ್ರೇಮಿ
ನಮ್ಮ ತಮ್ಮ ಪೆನ್ಸಿಲ್ ಹಾಕಿದ್ದ. ಅರ್ಧ ಹೊರಗ ಬಂತು. ಉಳಿದರ್ಧ ಪ್ಲಾಸ್ಟರ್ ಬಿಚ್ಚಿದಾಗ ಸಿಕ್ತು. ಜೋಡಿ ಒಂದು ಶೇಂಗಾನೂ ಸಿಕ್ತು. ಅದು ಹೆಂಗ ಹೋತು ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಹಿಮಪಾತ
ನಾನಿರೋದು ಜರ್ಮನಿಯಲ್ಲಿ. ಮೊದಲ ಚಳಿಗಾಲ, ಮನೆ ಮುಂದಿನ ಹಿಮ ಗಟ್ಟಿಯಾಗಿ ಗಾಜಿನ ಹಾಗಿತ್ತು. ಜಾರಿ ಎಡಗೈ ಮುರಿಯಿತು. ಇಲ್ಲಿ ಆರು ವಾರದವರೆಗೆ ಕೆಲಸ ಕೊಟ್ಟವರೇ ಪೂರ್ತಿ ಸಂಬಳ ಕೊಡಬೇಕು, ಕಾನೂನೇ ಹಾಗಿದೆ. ದುಡ್ಡಿನ ಚಿಂತೆ ಇರಲಿಲ್ಲ. ಮನೆಯಲ್ಲಿ ಮಾತಾಡೋಕೆ ಜನ ಇರಲಿಲ್ಲ, ಅದೇ ಕಷ್ಟ.

ಊರಲ್ಲಿದ್ದ ನಾಲ್ಕು ಕನ್ನಡದ ಮನೆಯವರು ಪಾಳಿ ಹಾಕಿಕೊಂಡು ಬರುತ್ತಿದ್ದರು. ನಾಲ್ಕೂ ಮನೆಯಿಂದ ಬರುತ್ತಿದ್ದದ್ದು ಬಿಸಿಬೇಳೆಬಾತ್. ಒಬ್ಬರಿಗೊಬ್ಬರು ಕೇಳಿಕೊಂಡಿರಲಿಲ್ಲ. ಹನ್ನೊಂದು ದಿನ ಬಿಸಿಬೇಳೆಬಾತ್! ಅವರಲ್ಲೊಬ್ಬರ ಮಗಳು, ಒಂದನೇ ಕ್ಲಾಸಿನವಳು, ಪ್ಲಾಸ್ಟರ್ ಮೇಲೆ ಸ್ಕೆಚ್ ಪೆನ್ನಲ್ಲಿ ಅ ಆ ಇ ಈ ಪೂರ್ತಿ ಬರೆದಳು. ಳ ಬರೆಯೋಕೆ ಜಾಗ ಸಾಲದೆ ಹೆಬ್ಬೆರಳ ಮೇಲೆ ಬರೆದಳು. ಆಸ್ಪತ್ರೆಯಲ್ಲಿ ನರ್ಸ್ ಅದನ್ನು ಏನೋ ಚಿತ್ರ ಅಂದುಕೊಂಡು ಫೋಟೋ ತೆಗೆದುಕೊಂಡರು.

ಮೂರನೇಮಹಡಿ
ನನ್ನ ಪ್ಲಾಸ್ಟರ್ ಮೇಲೂ ಬರಹ ಇದೆ. ನಾನು ಮಲಗಿದ್ದಾಗ ರೂಮ್‌ಮೇಟ್ ಹಸಿರು ಮಾರ್ಕರಲ್ಲಿ ದಪ್ಪಕ್ಷರದಲ್ಲಿ ಬರೆದಿದ್ದಾನೆ: "ಹಸಿ ಕಸ". ಮರುದಿನ ಕ್ಲೈಂಟ್ ಮೀಟಿಂಗ್ ಇತ್ತು. ತುಂಬು ತೋಳಿನ ಶರ್ಟ್ ಹತ್ತಲ್ಲ. ಸುಳ್ಳಿನ ಅವಕಾಶ ಅಲ್ಲಿಗೆ ಮುಗಿಯಿತು. ಇಡೀ ಆಫೀಸಿಗೆ ಕಥೆ ಗೊತ್ತು.

ಇವತ್ತು ಬ್ಯಾಂಕಿಗೂ ಹೋಗಿದ್ದೆ. ಎಡಗೈ ಸಹಿ ಹೊಂದಲಿಲ್ಲ. ಎಂಟೆಕ್ ಓದಿ ಹೆಬ್ಬೆಟ್ಟು ಒತ್ತಿ ಬಂದೆ. ಹಿಂದೆ ನಿಂತಿದ್ದ ಅಜ್ಜ, "ನಾಚ್ಕೋಬೇಡ ಮಗಾ, ನಂದೂ ಅದೇ" ಅಂದರು.

ಗ್ಯಾಲರಿಸೀಟು
ಎಲೆಕ್ಷನ್ ಬಂದರೂ ಚಿಂತೆ ಇಲ್ಲ. ಶಾಯಿ ಹಾಕೋದು ಎಡಗೈಗೇ.

ಊರುಗೋಲು
ಆ ಶಾಯಿ ಮೈಸೂರಲ್ಲೇ ತಯಾರಾಗೋದು, ಗೊತ್ತಲ್ವಾ?

ಹಳೇಮೈಸೂರು
ಗೊತ್ತಿಲ್ಲದೆ ಏನು. ಮೈಸೂರು ಪೇಂಟ್ಸ್ ಕಾರ್ಖಾನೆ. ಮಗುವಿನ ಕೈ ವಿಷಯಕ್ಕೆ ಬನ್ನಿ.

ಮೂರನೇಮಹಡಿ
ಎರಡನೇ ವಾರದ ವರದಿ. ರೂಮ್‌ಮೇಟ್ ಜೊತೆ ಜಗಳ ಆಯ್ತು. ನನಗೆ ಅನ್ನ ಗಟ್ಟಿಯಾಗಿ ಕಲಸಬೇಕು. ಅವನು ಸಾರು ಸುರಿದು ತೆಳ್ಳಗೆ ಮಾಡುತ್ತಾನೆ. ಎರಡು ವಾರ ಸುಮ್ಮನಿದ್ದೆ. ನಿನ್ನೆ ರಾತ್ರಿ, "ಇದನ್ನು ಕುಡಿಯಬೇಕಾ, ತಿನ್ನಬೇಕಾ?" ಅಂದುಬಿಟ್ಟೆ. ಅವನು ತಟ್ಟೆ ಇಟ್ಟು ಎದ್ದು ಹೋದ. ಅವನಿಗೂ ಆಫೀಸ್ ಇದೆ, ದಿನಾ ನನ್ನ ಬಟ್ಟೆ ಒಗೆಯೋದೂ ಅವನೇ. @ಸುಮ್ನಿರಿ ಹೇಳಿದ್ದೇ ಸರಿ ಇತ್ತೇನೋ.

ಸುಮ್ನಿರಿ
ಇಲ್ಲ, ನಾನು ಹೇಳಿದ್ದು ಪೂರ್ತಿ ನಿಜ ಅಲ್ಲ. ಐದು ವಾರ ಯಾರಿಗೂ ತೊಂದರೆ ಕೊಡಲಿಲ್ಲ ಅಂದೆನಲ್ಲ, ಕೇಳೋಕೆ ಯಾರೂ ಇರಲಿಲ್ಲ. ಹೊಸ ಊರು, ಹೊಸ ಕೆಲಸ. ಒಂದಿನ ಶರ್ಟಿನ ಗುಂಡಿ ಹಾಕೋಕೆ ಆಗದೆ ಹಾಗೇ ಕೆಳಗೆ ಬಂದೆ. ಬೀಗದ ಕೈ ಮಾಡೋ ಅಂಗಡಿಯವರ ಹತ್ತಿರ ಕೇಳಿದೆ. ಏನೂ ಮಾತಾಡದೆ ಆರು ಗುಂಡಿ ಹಾಕಿ, ಕಾಲರ್ ಸರಿ ಮಾಡಿ ಕಳಿಸಿದರು. ಮರುದಿನದಿಂದ ನಾನು ಬರೋದು ಕಂಡರೆ ಕೈ ಒರೆಸಿಕೊಂಡು ಎದ್ದು ನಿಲ್ಲುತ್ತಿದ್ದರು. ಹೋಗಿ ರೂಮ್‌ಮೇಟ್‌ಗೆ ಕಾಫಿ ಕೊಡಿಸಿ. ಅನ್ನ ತೆಳ್ಳಗಿದ್ದರೂ ತಿನ್ನಿ.

ಗಿರ್ಮಿಟ್‌ಪ್ರೇಮಿ
ಅನ್ನದ ಲಫಡಾನೇ ಬ್ಯಾಡ. ಖಡಕ್ ರೊಟ್ಟಿ ತಗೋರಿ. ಒಂದ ಗುದ್ದು ಹಾಕಿದರ ಎಂಟು ತುಂಡ. ಎಡಗೈನೂ ನಡಿತೈತಿ, ಸಿಟ್ಟೂ ಇಳಿತೈತಿ. ಮೆತ್ತನ್ನ ರೊಟ್ಟಿ ಮಾತ್ರ ಒಂದ ಕೈಲೆ ಹರಿಯಾಕ ಆಗಂಗಿಲ್ಲ.

ಸಕ್ಕರೆನಾಡು
ರಾಗಿ ಮುದ್ದೆ ಅಂತ ಇಷ್ಟು ಹೊತ್ತಾದರೂ ಯಾರೂ ಹೇಳಲಿಲ್ಲವಲ್ಲ! ಒಂದೇ ಕೈ ಸಾಕು, ಅಗಿಯೋದೂ ಬೇಡ. ಕಾಲು ಸೂಪಲ್ಲಿ ಅದ್ದಿ ನುಂಗು, ಮೂಳೆ ಹತ್ತೇ ದಿನದಲ್ಲಿ ಕೂಡುತ್ತೆ.

ಕೀಲುಎಣ್ಣೆ
ಹತ್ತು ದಿನದ ಮಾತು ಬಿಟ್ಟರೆ ರಾಗಿ ನಿಜಕ್ಕೂ ಒಳ್ಳೆಯದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ ಇದೆ. ಅಷ್ಟೇ ತೂಕದ ಹಾಲಿನಲ್ಲಿ ಸುಮಾರು 120. ಸೂಪು ರುಚಿಗೆ ಕುಡೀರಿ. ಬೀಡಿ ಸಿಗರೇಟ್ ಇದ್ದರೆ ಬಿಡಿ, ಅದು ಮೂಳೆ ಕೂಡೋದನ್ನು ನಿಧಾನ ಮಾಡುತ್ತೆ.

ಸಕ್ಕರೆನಾಡು
ಕೊನೆಗೂ ಒಂದಾದರೂ ಒಪ್ಪಿದಿರಿ ಅಕ್ಕ.

ಮೂರನೇಮಹಡಿ
ಅಮ್ಮನಿಗೆ ಗೊತ್ತಾಯ್ತು. ವಿಡಿಯೋ ಕಾಲಲ್ಲಿ ಫೋನನ್ನು ಡಬ್ಬಕ್ಕೆ ಒರಗಿಸಿ, ಬಲಗೈ ಮೇಜಿನ ಕೆಳಗೆ ಇಟ್ಟುಕೊಂಡು ಕೂತಿದ್ದೆ. ಮಧ್ಯೆ ಕಾಫಿ ಲೋಟ ಎತ್ತಿದೆ. ಅಮ್ಮ ಮಾತು ನಿಲ್ಲಿಸಿ, "ಎಡಗೈಲಿ ಯಾಕೋ ಕುಡೀತಿದ್ದೀಯಾ? ಆ ಕೈ ತೋರ್ಸು" ಅಂದರು. ತೋರಿಸಿದೆ. "ಹಸಿ ಕಸ" ಅಂತ ಓದಿದರು. ಒಂದು ನಿಮಿಷ ಏನೂ ಮಾತಿಲ್ಲ. ಮಾರನೇ ದಿನ ಬೆಳಗ್ಗೆ ಶಿವಮೊಗ್ಗದಿಂದ ರಾತ್ರಿ ಬಸ್ಸಲ್ಲಿ ಬಂದಿಳಿದರು. ಜೊತೆಗೆ ರಾಗಿ ಹಿಟ್ಟು, ಹುರಳಿಕಾಳು, ಅಪ್ಪೆಮಿಡಿ ಉಪ್ಪಿನಕಾಯಿ.

ಮೂರು ಮಹಡಿ ಹತ್ತಿ ಬಂದು ಮೊದಲು ಬೈದಿದ್ದು ನನಗಲ್ಲ, ರೂಮ್‌ಮೇಟ್‌ಗೆ. "ನೀನಾದರೂ ಒಂದು ಫೋನ್ ಮಾಡಬಾರದಿತ್ತಾ?" ಆಮೇಲೆ ಅವನಿಗೇ ಮೊದಲು ಬಡಿಸಿದರು. ಈಗ ಇಬ್ಬರಿಗೂ ಅಮ್ಮನೇ ಕಲಸಿ ತುತ್ತು ಹಾಕೋದು. ಅವನ ಎರಡೂ ಕೈ ನೆಟ್ಟಗಿವೆ, ಆದರೂ ಕೈ ಚಾಚುತ್ತಾನೆ. ನಿನ್ನೆ ಮೆಲ್ಲಗೆ ಕೇಳಿದ, "ಇನ್ನೊಂದು ಕೈ ಯಾವಾಗ ಮುರ್ಕೊಳ್ತೀಯೋ?"

ಹಳೇಮೈಸೂರು
ನಾನು ಹೇಳಲಿಲ್ವಾ.

ಕುಡ್ಲದಕಡಲು
ಅಪ್ಪೆಮಿಡಿ ಎಷ್ಟು ತಂದಿದ್ದಾರೆ? ವಿಳಾಸ ಕಳಿಸಿ, ಕೈ ನೋಡಲಿಕ್ಕೆ ಬರ್ತೇನೆ.

ಮೂರನೇಮಹಡಿ
ಆರು ವಾರ ಆಯ್ತು, ಇವತ್ತು ಪ್ಲಾಸ್ಟರ್ ಬಿಚ್ಚಿದರು. ಆ ಗರಗಸದ ಸದ್ದಿಗೆ ಜೀವ ಬಾಯಿಗೆ ಬಂದಿತ್ತು. ಅದು ಗಿರಗಿರ ತಿರುಗಲ್ಲ, ಅಲ್ಲಲ್ಲೇ ಅದುರುತ್ತೆ, ಚರ್ಮ ಕತ್ತರಿಸಲ್ಲ ಅಂತ ತಮ್ಮ ಅಂಗೈಗೇ ತಾಗಿಸಿ ತೋರಿಸಿದರು. ಆದರೂ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ರೂಮ್‌ಮೇಟ್ ಪಕ್ಕದಲ್ಲಿ ನಿಂತು ಕಾಮೆಂಟ್ರಿ ಕೊಡುತ್ತಿದ್ದ.

ಒಳಗಿನ ಕೈ ನನ್ನದು ಅಂತ ನಂಬೋಕೆ ಆಗಲಿಲ್ಲ. ಬಡಕಲು, ಬೂದು ಬಣ್ಣ, ಹಾವಿನ ಪೊರೆ ಥರ ಸಿಪ್ಪೆ. ಮಣಿಕಟ್ಟು ಒಂದಿಂಚೂ ಬಗ್ಗಲ್ಲ. ಮುದ್ದೆ ಮುರಿಯೋಕೆ ಹೋದರೆ ಕೈ ನಡುಗಿತು. ಇದು ಸರಿ ಹೋಗುತ್ತಾ?

ಕೀಲುಎಣ್ಣೆ
ಹೋಗುತ್ತೆ, ಎಲ್ಲರಿಗೂ ಹಾಗೇ ಆಗೋದು. ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ಇಟ್ಟು ಅದರೊಳಗೇ ಆಡಿಸಿ. ಸ್ಪಂಜ್ ಹಿಂಡಿ. ಗಟ್ಟಿಯಾಗಿ ಎಣ್ಣೆ ಹಾಕಿ ತಿಕ್ಕಿಸಬೇಡಿ, ಯಾರಾದರೂ ಎಳೆದು ಸರಿ ಮಾಡ್ತೀನಿ ಅಂದರೆ ದೂರ ಇರಿ. ವಾರ ಕಳೆದ ಮೇಲೆ ಅಮ್ಮನಿಗೆ ಚಪಾತಿ ಹಿಟ್ಟು ಕಲಸಿ ಕೊಡಿ. ಅದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ. ಹತ್ತಿರದ ಫಿಸಿಯೋ ಹತ್ತಿರ ಒಂದು ಸಲ ತೋರಿಸಿ.

ಗಿರ್ಮಿಟ್‌ಪ್ರೇಮಿ
ರೂಮ್‌ಮೇಟ್‌ಗೂ ಕಲಸಿ ಕೊಡ್ರಿ. ತೆಳ್ಳಗ.

ಮೂರನೇಮಹಡಿ
ಕೊನೆಯದಾಗಿ ಒಂದು ಪ್ರಶ್ನೆ. ಪ್ಲಾಸ್ಟರ್ ನೆನಪಿಗೆ ಇರಲಿ ಅಂತ ಮನೆಗೆ ತಂದೆ. ಅಮ್ಮ ವಾಸನೆ ಅಂತ ಹೊರಗಿಟ್ಟರು. ಈಗ ಇದು ಹಸಿ ಕಸವೋ, ಒಣ ಕಸವೋ?

ಗ್ಯಾಲರಿಸೀಟು
ಮೇಲೆ ಬರೆದಿದೆಯಲ್ಲ.

ಕೀಲುಎಣ್ಣೆ
ಎರಡೂ ಅಲ್ಲ. ಪ್ಲಾಸ್ಟರ್ ಆಸ್ಪತ್ರೆ ಕಸ, ಹಳದಿ ಚೀಲಕ್ಕೆ ಹೋಗಬೇಕು. ವಾಪಸ್ ಅಲ್ಲೇ ಕೊಟ್ಟು ಬನ್ನಿ.

ಮೂರನೇಮಹಡಿ
ತಡ ಆಯ್ತು. ಬೆಳಗ್ಗೆ ಕಸದ ಅಣ್ಣ ನೋಡಿ ಬರಹ ಓದಿದ, ನಕ್ಕ, ಬಕೆಟ್ಟಿಂದ ಎತ್ತಿ ನನ್ನ ಕೈಗೇ ವಾಪಸ್ ಕೊಟ್ಟ. "ಇದು ನಾವು ತಗೊಳ್ಳಲ್ಲ ಸಾರ್. ನಿಧಾನಕ್ಕೆ ಮೆಟ್ಟಿಲು ಹತ್ತಿ."